ಮನೆಲೆಕ್ಕ: ಅಧ್ಯಕ್ಷರ ಕಾಗದದಲ್ಲಿ ಕರ್ತೃ ಎಲ್ಲಿ?

ಹಿಂದೆ ಊರಿನಿಂದ ನಮ್ಮವರ ಮನೆಗಳಿಗೆ ಬರುತ್ತಿದ್ದ ಕಾಗದಗಳಿಗೆ ಒಂದು ಕ್ರಮವಿತ್ತು. ನೆತ್ತಿಯ ಮೇಲೆ ‘ಶ್ರೀ’, ಪಕ್ಕದಲ್ಲಿ ‘ಕ್ಷೇಮ’, ಬಲಗಡೆ ಊರು ತಾರೀಖು, ಆಮೇಲೆ ಹಿರಿಯರಿಗೆ ಸಾಷ್ಟಾಂಗ ನಮಸ್ಕಾರ, ಕಿರಿಯರಿಗೆ ಆಶೀರ್ವಾದ, ಅದಾದ ಮೇಲೆ ‘ಉಭಯ ಕುಶಲೋಪರಿ ಸಾಂಪ್ರತ’. ಊರಿನಲ್ಲಿ ಮಳೆ ತಪ್ಪಿರಲಿ, ಎತ್ತು ಸತ್ತಿರಲಿ, ದಾಯಾದಿಗಳು ಕೋರ್ಟು ಹತ್ತಿರಲಿ, ಮೊದಲ ನಾಲ್ಕು ಸಾಲುಗಳಲ್ಲಿ ಮಾತ್ರ ಎಲ್ಲರೂ ಕ್ಷೇಮವಾಗಿಯೇ ಇರುತ್ತಿದ್ದರು. ನಿಜವಾದ ಸಮಾಚಾರವು ಎರಡನೆಯ ಮಗ್ಗುಲಿನಲ್ಲೋ, ಅಂಚಿನಲ್ಲಿ ಅಡ್ಡಡ್ಡ ಬರೆದ ಸಾಲಿನಲ್ಲೋ, ಇಲ್ಲವೆ ಕಟ್ಟಕಡೆಗೆ ‘ತಾ. ಕ.’ ಎಂಬ ಎರಡಕ್ಷರದ ಹಿಂದೆಯೋ ಅಡಗಿರುತ್ತಿತ್ತು. ಪರಸ್ಥಳದಲ್ಲಿ ಕುಳಿತು ಅದನ್ನು ಓದುತ್ತಿದ್ದ ಹಿರಿಯರಿಗೆ ಈ ಮರ್ಮ ಚೆನ್ನಾಗಿ ತಿಳಿದಿತ್ತು. ಅವರು ಕಾಗದವನ್ನು ಕೆಳಗಿನಿಂದ ಮೇಲಕ್ಕೆ ಓದುತ್ತಿದ್ದರು.

ಆ ಕಾಗದಗಳ ಕಾಲ ಮುಗಿಯಿತು. ಆದರೆ ಅದೇ ಜಾತಿಯ ಇನ್ನೊಂದು ಕಾಗದ ಪ್ರತಿವರ್ಷ ಮಳೆಗಾಲದ ಹೊತ್ತಿಗೆ ನಮ್ಮಲ್ಲಿ ಅನೇಕರಿಗೆ ಬರುತ್ತದೆ. ಈಗ ಹೆಚ್ಚಾಗಿ ಅಂಚೆಯವನ ಕೈಯಿಂದಲ್ಲ, ಇ-ಮೇಲಿನ ಮೂಲಕ. ನಾವು ನಾಲ್ಕಾರು ಷೇರು ಕೊಂಡಿರುವ ಕಂಪನಿಯ ಅಧ್ಯಕ್ಷರು ‘ಪ್ರಿಯ ಷೇರುದಾರರೇ’ ಎಂದು ಸಂಬೋಧಿಸಿ ಬರೆದ ಪತ್ರವದು. ವಾರ್ಷಿಕ ವರದಿಯ ಮುಂಭಾಗದಲ್ಲಿ, ನುಣುಪು ಹಾಳೆಯ ಮೇಲೆ, ಅವರ ನಗುಮುಖದ ಚಿತ್ರದೊಡನೆ ಅಚ್ಚಾಗಿರುತ್ತದೆ. ಅಲ್ಲಿಯೂ ಮೊದಲ ನಾಲ್ಕು ಸಾಲು ಉಭಯ ಕುಶಲೋಪರಿಯೇ. ಅಲ್ಲಿಯೂ ನಿಜವಾದ ಸಮಾಚಾರ ಇರುವುದು ಹಿಂದಿನ ಪುಟಗಳ ಸಣ್ಣಕ್ಷರದಲ್ಲಿ.

ಈ ಸಲದ ಮನೆಲೆಕ್ಕದಲ್ಲಿ ಆ ಕಾಗದವನ್ನು ಓದುವ ಬಗೆಯನ್ನು ಕುರಿತು ನಾಲ್ಕು ಮಾತು ಆಡೋಣವೆಂದಿದ್ದೇನೆ. ‘ನಮ್ಮ ಹತ್ತು ಷೇರಿಗೆ ಇಷ್ಟೆಲ್ಲ ಯಾಕೆ?’ ಎಂದು ಯಾರಾದರೂ ಕೇಳಬಹುದು. ನಮ್ಮಂಥವರ ಉಳಿತಾಯದಲ್ಲಿ ಆ ಹತ್ತು ಷೇರು ಸಣ್ಣದಲ್ಲ. ಮಗಳ ಮದುವೆಗೆಂದು, ನಿವೃತ್ತಿಯ ಕಾಲಕ್ಕೆಂದು, ಊರಿನ ಮನೆಯ ಹೆಂಚು ಹೊದಿಸುವುದಕ್ಕೆಂದು ಕೂಡಿಟ್ಟ ಹಣವದು. ಅದನ್ನು ಕಣ್ಣಿನಿಂದ ಕಾಣದವರ ಕೈಗೆ ಒಪ್ಪಿಸಿದ್ದೇವೆ. ಅವರು ವರ್ಷಕ್ಕೊಮ್ಮೆ ನಮ್ಮೊಡನೆ ನೇರವಾಗಿ ಆಡುವ ಮಾತೆಂದರೆ ಈ ಪತ್ರವೊಂದೇ. ಆ ಮಾತು ಹೇಗಿದೆ ಎಂಬುದನ್ನು ನೋಡದಿದ್ದರೆ ಹೇಗೆ?

* * *

ಮೊದಲು ಸ್ವಲ್ಪ ವ್ಯಾಕರಣ. ಶಾಲೆಯಲ್ಲಿ ನಾವೆಲ್ಲ ಕರ್ತರಿ ಪ್ರಯೋಗ, ಕರ್ಮಣಿ ಪ್ರಯೋಗ ಎಂದು ಬಾಯಿಪಾಠ ಮಾಡಿದವರೇ. ‘ರಾಮನು ರಾವಣನನ್ನು ಕೊಂದನು’ ಎಂಬುದು ಕರ್ತರಿ. ‘ರಾಮನಿಂದ ರಾವಣನು ಕೊಲ್ಲಲ್ಪಟ್ಟನು’ ಎಂಬುದು ಕರ್ಮಣಿ. ಮನೆಮಾತಿನಲ್ಲಿ ಈ ‘ಅಲ್ಪಡು’ ನಮಗೆ ಬೇಕಾಗುವುದೇ ಇಲ್ಲ. ‘ಅನ್ನ ನನ್ನಿಂದ ಉಣ್ಣಲ್ಪಟ್ಟಿತು’ ಎಂದು ಯಾರೂ ಹೇಳುವುದಿಲ್ಲ. ಹೀಗಿದ್ದರೂ ಕಚೇರಿಗಳಲ್ಲಿ, ವರದಿಗಳಲ್ಲಿ ಅದು ಸೊಂಪಾಗಿ ಬೆಳೆಯುತ್ತದೆ. ಕಾರಣ ಸ್ಪಷ್ಟ. ಕರ್ಮಣಿಯಲ್ಲಿ ‘ರಾಮನಿಂದ’ ಎಂಬ ಪದವನ್ನು ಮೆಲ್ಲಗೆ ಎತ್ತಿಹಾಕಿದರೂ ವಾಕ್ಯ ಕೆಡುವುದಿಲ್ಲ. ‘ರಾವಣನು ಕೊಲ್ಲಲ್ಪಟ್ಟನು.’ ಕೊಂದವರು ಯಾರು? ಕೇಳಬೇಡಿ.

‘ಕಾರ್ಖಾನೆಯು ಮುಚ್ಚಲ್ಪಟ್ಟಿತು’, ‘ಹೂಡಿಕೆಯ ಮೌಲ್ಯವು ತಗ್ಗಿಸಲ್ಪಟ್ಟಿತು’ ಎಂಬ ಮಾತುಗಳೆಲ್ಲ ಇದೇ ಗುಂಪಿನವು. ಇದಕ್ಕಿಂತ ನಾಜೂಕಾದ ಇನ್ನೊಂದು ಉಪಾಯವಿದೆ. ಅದನ್ನು ನಮ್ಮ ಮಕ್ಕಳು ಯಾರೂ ಹೇಳಿಕೊಡದೆ ಕಲಿಯುತ್ತಾರೆ. ಅಡುಗೆಮನೆಯಲ್ಲಿ ಗಾಜಿನ ಲೋಟ ಬಿದ್ದ ಸದ್ದಾದರೆ, ‘ಏನೋ ಅದು?’ ಎಂದು ತಾಯಿ ಕೂಗಿದರೆ, ಬರುವ ಉತ್ತರ ‘ಲೋಟ ಒಡೆದುಹೋಯಿತಮ್ಮ’ ಎಂದು. ‘ಒಡೆದೆ’ ಎಂದಲ್ಲ. ಲೋಟ ತಾನಾಗಿಯೇ ಮನಸ್ಸು ಮಾಡಿ ಒಡೆದುಕೊಂಡಂತೆ! ಅದೇ ಹುಡುಗ ಗಣಿತದಲ್ಲಿ ತೊಂಬತ್ತು ಬಂದಾಗ ‘ತೊಂಬತ್ತು ತೆಗೆದೆ’ ಎನ್ನುತ್ತಾನೆ. ಮೂವತ್ತು ಬಂದಾಗ ‘ಪೇಪರು ಕಷ್ಟವಾಗಿತ್ತು, ಮೂವತ್ತು ಕೊಟ್ಟರು’ ಎನ್ನುತ್ತಾನೆ.

ಇದು ಮಕ್ಕಳಾಟದ ಮಾತಲ್ಲ. ಅಮೆರಿಕದ ಇಬ್ಬರು ವಿದ್ವಾಂಸರು, ಬೆಟ್‌ಮನ್ ಮತ್ತು ವೈಟ್ಸ್ ಎಂಬವರು, ಕಂಪನಿಗಳ ಅಧ್ಯಕ್ಷರು 1972ರಲ್ಲಿಯೂ 1974ರಲ್ಲಿಯೂ ಷೇರುದಾರರಿಗೆ ಬರೆದ ಪತ್ರಗಳನ್ನು ಒಟ್ಟುಗೂಡಿಸಿ ಪರೀಕ್ಷಿಸಿದರು. ಮೊದಲನೆಯದು ಅಲ್ಲಿಯ ವ್ಯಾಪಾರಕ್ಕೆ ಒಳ್ಳೆಯ ವರ್ಷ. ಎರಡನೆಯದು ತೈಲದ ಬೆಲೆ ಏರಿ ಎಲ್ಲ ತತ್ತರಿಸಿದ ವರ್ಷ. 1983ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ನಮ್ಮ ಹುಡುಗನ ಅಂಕಪಟ್ಟಿಗಿಂತ ಬೇರೆಯಾಗಿರಲಿಲ್ಲ. ಕೆಟ್ಟದ್ದಕ್ಕೆ ಹೊರಗಿನ, ತಮ್ಮ ಕೈಮೀರಿದ ಕಾರಣಗಳನ್ನು ಅಧ್ಯಕ್ಷರು ಕೊಟ್ಟಷ್ಟು, ಒಳ್ಳೆಯದಕ್ಕೆ ಕೊಟ್ಟಿರಲಿಲ್ಲ. ಲಾಭ ನಾವು ಗಳಿಸಿದ್ದು. ನಷ್ಟ ತಾನಾಗಿ ಬಂದದ್ದು.

ಇನ್ನೊಂದು ಉಪಾಯ ಮಂಜು ಎಬ್ಬಿಸುವುದು. ಇಂಗ್ಲಿಷ್ ಬರವಣಿಗೆಯ ಕ್ಲಿಷ್ಟತೆಯನ್ನು ಅಳೆಯುವುದಕ್ಕೆ ರಾಬರ್ಟ್ ಗನಿಂಗ್ ಎಂಬವನು 1952ರಲ್ಲಿ ಒಂದು ಸೂತ್ರ ಹೇಳಿದ. ವಾಕ್ಯವೊಂದಕ್ಕೆ ಸರಾಸರಿ ಎಷ್ಟು ಪದ, ನೂರು ಪದಕ್ಕೆ ಎಷ್ಟು ಕಠಿಣ ಪದ ಎಂದು ಎಣಿಸಿ, ಎರಡನ್ನೂ ಕೂಡಿಸಿ 0.4ರಿಂದ ಗುಣಿಸಬೇಕು. ಬಂದ ಅಂಕಿಗೆ ಅವನಿಟ್ಟ ಹೆಸರೇ ‘ಫಾಗ್ ಇಂಡೆಕ್ಸ್’, ಎಂದರೆ ಮಂಜಿನ ಮಾನ. ಮಿಷಿಗನ್ ವಿಶ್ವವಿದ್ಯಾಲಯದ ಫೆಂಗ್ ಲೀ ಎಂಬ ಪ್ರಾಧ್ಯಾಪಕರು ಅಮೆರಿಕದ ಕಂಪನಿಗಳ ವಾರ್ಷಿಕ ವರದಿಗಳಿಗೆ ಇದೇ ಮಾನವನ್ನು ಹಚ್ಚಿ 2008ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಗಳಿಕೆ ಕಡಮೆಯಿದ್ದ ಕಂಪನಿಗಳ ವರದಿಗಳು ಸರಾಸರಿಯಲ್ಲಿ ಹೆಚ್ಚು ಉದ್ದವಾಗಿಯೂ ಹೆಚ್ಚು ಕ್ಲಿಷ್ಟವಾಗಿಯೂ ಇದ್ದುವೆಂಬುದು ಅದರ ಸಾರ. ಆಗುಂಬೆಯ ಘಾಟಿಯಲ್ಲಿ ಬಸ್ಸು ಇಳಿಸಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಂಜು ದಟ್ಟವಾದಷ್ಟೂ ನಿಧಾನವಾಗಿ ಹೋಗಬೇಕು. ತಿರುವು ಅಲ್ಲಿಯೇ ಇದ್ದೀತು.

ಸರಾಸರಿಯ ಮಾತು ಸರಾಸರಿಯದೇ. ಕ್ಲಿಷ್ಟವಾಗಿ ಬರೆದವರೆಲ್ಲ ಕಳ್ಳರಲ್ಲ. ಕೆಲವರಿಗೆ ಬರೆಯಲು ಬರುವುದಿಲ್ಲ, ಅಷ್ಟೆ. ಹೊರಗಿನ ಕಾರಣ ಹೇಳಿದವರೆಲ್ಲ ಸುಳ್ಳುಗಾರರೂ ಅಲ್ಲ. 2020ರಲ್ಲಿ ಕೊರೋನಾ ಬಂದು ಊರೂರಿಗೇ ಬೀಗ ಬಿದ್ದಾಗ ಮುಂಬಯಿಯ ನಮ್ಮ ಉಡುಪಿ ಹೋಟೆಲುಗಳ ಒಲೆ ಆರಿದ್ದು ಯಾವ ಮಾಲಿಕನ ತಪ್ಪು? ನಷ್ಟಕ್ಕೆ ಕಾರಣ ಹೊರಗಿದ್ದಾಗ ಹೊರಗಿದೆ ಎನ್ನುವುದು ನ್ಯಾಯವೇ. ಆದರೆ ಹತ್ತು ವರ್ಷದ ಹತ್ತು ಪತ್ರಗಳಲ್ಲಿಯೂ ನಷ್ಟಕ್ಕೆ ಹೊರಗಿನ ಕಾರಣ, ಲಾಭಕ್ಕೆ ಒಳಗಿನ ಕಾರಣ ಇದ್ದರೆ ಓದುವವರು ಕನ್ನಡಕ ಒರೆಸಿಕೊಳ್ಳಬೇಕು.

* * *

ಮಾತು ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಎರಡು ನಿದರ್ಶನ ಹೇಳುತ್ತೇನೆ. ಎರಡಕ್ಕೂ ನಮ್ಮವರು ನೆಲೆಸಿರುವ ಊರುಗಳ ಸಂಬಂಧವಿದೆ.

ಮಹಾರಾಷ್ಟ್ರದಲ್ಲಿರುವವರಿಗೆ ಎನ್ರಾನ್ ಎಂಬ ಹೆಸರು ಮರೆತಿರಲಾರದು. ರತ್ನಾಗಿರಿ ಜಿಲ್ಲೆಯ ದಾಭೋಳದಲ್ಲಿ ವಿದ್ಯುತ್ ಸ್ಥಾವರ ಕಟ್ಟಿಸಿ, ದರದ ವಿಷಯದಲ್ಲಿ ರಾಜ್ಯದ ವಿದ್ಯುತ್ ಮಂಡಲಿಯೊಡನೆ ಜಗಳ ಬಿದ್ದು, 2001ರಲ್ಲಿ ಅದು ನಿಂತುಹೋದ ಕಥೆ ಆಗ ಮನೆಮಾತಾಗಿತ್ತು. ಅಮೆರಿಕದ ಹ್ಯೂಸ್ಟನ್ನಿನಲ್ಲಿದ್ದ ಆ ಕಂಪನಿಯ ಮುಖ್ಯಸ್ಥರಾದ ಕೆನೆತ್ ಲೇ ಮತ್ತು ಜೆಫ್ರಿ ಸ್ಕಿಲ್ಲಿಂಗ್ 2000ದ ಸಾಲಿನ ವರದಿಯಲ್ಲಿ ಷೇರುದಾರರಿಗೆ ಬರೆದ ಪತ್ರದ ಭಾವವೇನೆಂದರೆ, ಯಾವ ಅಳತೆಯಿಂದ ನೋಡಿದರೂ ಈ ವರ್ಷ ನಮ್ಮದು ವಿಜಯವೇ ಎಂದು. ಗೌರವ, ಪ್ರಾಮಾಣಿಕತೆ, ಸಂವಹನ, ಶ್ರೇಷ್ಠತೆ ಎಂಬ ನಾಲ್ಕು ಆದರ್ಶಗಳನ್ನೂ ಅದೇ ವರದಿಯಲ್ಲಿ ಅಚ್ಚು ಹಾಕಿಸಿದ್ದರು. ವರ್ಷ ತುಂಬುವುದರೊಳಗೆ, 2001ರ ಡಿಸೆಂಬರ್ 2ರಂದು, ಆ ಕಂಪನಿ ದಿವಾಳಿ ಅರ್ಜಿ ಹಾಕಿತು. ಯಾವ ಅಳತೆಯಿಂದ ನೋಡಿದರೂ ಎಂದಿದ್ದರಲ್ಲ, ಒಂದು ಅಳತೆ ಉಳಿದುಹೋಗಿತ್ತು: ಬರಬೇಕಾದ ಹಣ ನಿಜವಾಗಿ ಬಂತೆ ಎಂಬುದು.

ಎರಡನೆಯದು ನಮ್ಮ ದೇಶದ್ದೇ, ಹೈದರಾಬಾದಿನದು. ಸತ್ಯಂ ಕಂಪ್ಯೂಟರ್ಸ್. 2009ರ ಜನವರಿ 7ರ ಬೆಳಗ್ಗೆ ಅದರ ಅಧ್ಯಕ್ಷರಾಗಿದ್ದ ರಾಮಲಿಂಗ ರಾಜು ಅವರು ನಿರ್ದೇಶಕ ಮಂಡಲಿಗೆ ಬರೆದ ಕಾಗದ ಬಹಿರಂಗವಾಯಿತು. ಸೆಬಿಗೂ ಷೇರು ವಿನಿಮಯ ಕೇಂದ್ರಗಳಿಗೂ ಅದರ ಪ್ರತಿ ಹೋಗಿತ್ತು. ಅದರಲ್ಲಿದ್ದ ಅಂಕಿಗಳನ್ನು ನೋಡಿ. ಲೆಕ್ಕದ ಪುಸ್ತಕದಲ್ಲಿ ನಗದು ಮತ್ತು ಬ್ಯಾಂಕಿನ ಹಣ ಎಂದು ತೋರಿಸಿದ್ದು 5,361 ಕೋಟಿ ರೂಪಾಯಿ; ಅದರಲ್ಲಿ 5,040 ಕೋಟಿ ಇರಲೇ ಇಲ್ಲ. ಆ ಇಲ್ಲದ ಹಣಕ್ಕೆ ಬಂದಿದೆಯೆಂದು ತೋರಿಸಿದ ಬಡ್ಡಿ 376 ಕೋಟಿ. 2008ರ ಸೆಪ್ಟೆಂಬರಿಗೆ ಮುಗಿದ ತ್ರೈಮಾಸಿಕದಲ್ಲಿ ವ್ಯವಹಾರದ ಲಾಭ 649 ಕೋಟಿ ಎಂದು ಸಾರಿದ್ದರು. ನಿಜವಾದದ್ದು 61 ಕೋಟಿ. ಅಂದು ಒಂದೇ ದಿನದಲ್ಲಿ ಷೇರಿನ ಬೆಲೆ ಸುಮಾರು 179 ರೂಪಾಯಿಯಿಂದ ಸುಮಾರು 40ಕ್ಕೆ ಕುಸಿಯಿತು. ಮೂರೂವರೆ ತಿಂಗಳ ಹಿಂದೆಯಷ್ಟೇ ಉತ್ತಮ ಆಡಳಿತಕ್ಕೆಂದು ಈ ಕಂಪನಿಗೆ ‘ಗೋಲ್ಡನ್ ಪೀಕಾಕ್’ ಪ್ರಶಸ್ತಿ ಬಂದಿತ್ತು! ಆ ಚಿನ್ನದ ನವಿಲನ್ನು ಕೊಟ್ಟವರು ಆಮೇಲೆ ಹಿಂದಕ್ಕೆ ಪಡೆದರು.

ಭಾಷೆಯ ದೃಷ್ಟಿಯಿಂದ ಈ ಕಾಗದ ಬಹಳ ವಿಚಾರಯೋಗ್ಯವಾದದ್ದು. ಅಂಕಿಗಳ ಮಟ್ಟಿಗೆ ಇಷ್ಟು ನೇರವಾದ ಕಾಗದವನ್ನು ಭಾರತದ ಯಾವ ಅಧ್ಯಕ್ಷರೂ ಬರೆದಿರಲಿಕ್ಕಿಲ್ಲ. ಮನಸ್ಸಾಕ್ಷಿಯ ಮೇಲೆ ಹೊತ್ತ ಭಾರವನ್ನು ಹೇಳುವಾಗ ‘ನಾನು’ ಎಂಬ ಪದ ಬರುತ್ತದೆ. ಮಂಡಲಿಯವರಿಗೆ ಇದು ತಿಳಿದಿರಲಿಲ್ಲವೆಂದು ಬರೆಯುತ್ತಾರೆ. ಪರಿಣಾಮವನ್ನು ಎದುರಿಸಲು ಸಿದ್ಧನಿದ್ದೇನೆ ಎಂದೂ ಹೇಳುತ್ತಾರೆ. ಆದರೆ ಸುಳ್ಳು ಬೆಳೆದ ಬಗೆಯನ್ನು ಹೇಳುವ ವಾಕ್ಯಕ್ಕೆ ಬನ್ನಿ. ನಿಜವಾದ ಲಾಭಕ್ಕೂ ಪುಸ್ತಕದ ಲಾಭಕ್ಕೂ ಮೊದಲು ಸಣ್ಣದೊಂದು ಅಂತರವಿತ್ತು, ಅದು ವರ್ಷದಿಂದ ವರ್ಷಕ್ಕೆ ಬೆಳೆಯುತ್ತ ಹೋಯಿತು, ಹಿಡಿತ ಮೀರಿತು ಎಂಬ ಅರ್ಥದ ಮಾತು ಅಲ್ಲಿದೆ. ಅಂತರ ಬೆಳೆಯಿತು! ಹಿತ್ತಲಲ್ಲಿ ಕುಂಬಳಬಳ್ಳಿ ಬೆಳೆದಂತೆ. ಬೆಳೆಸಿದವರು ಯಾರು ಎಂಬ ಕರ್ತೃಪದ ಆ ವಾಕ್ಯದಲ್ಲಿಲ್ಲ. ಎಲ್ಲವನ್ನೂ ಬಿಚ್ಚಿ ಹೇಳುತ್ತೇನೆಂದು ಕುಳಿತ ದಿನವೂ ಲೋಟ ತಾನಾಗಿಯೇ ಒಡೆಯಿತು.

ಹುಲಿಯ ಬೆನ್ನೇರಿದವನಿಗೆ ಇಳಿಯುವ ದಾರಿ ತಿಳಿಯದಂತಾಯಿತು ಎಂಬ ಹೋಲಿಕೆಯನ್ನೂ ಅವರು ಕೊಟ್ಟಿದ್ದರು. ಪತ್ರಿಕೆಗಳೆಲ್ಲ ಅದನ್ನೇ ದೊಡ್ಡಕ್ಷರದಲ್ಲಿ ಹಾಕಿದವು. ಹೋಲಿಕೆ ಚೆನ್ನಾಗಿದೆ. ಆದರೆ ಹುಲಿ ಯಾರದು, ಏರಿದಾಗ ಕಾಲು ಯಾರದು ಎಂದು ಕೇಳುವ ಹಕ್ಕು ಷೇರುದಾರನಿಗೆ ಇದೆ. ಹೈದರಾಬಾದಿನ ವಿಶೇಷ ನ್ಯಾಯಾಲಯವು ಆ ಪ್ರಶ್ನೆಯನ್ನು ಕೇಳಿ 2015ರ ಏಪ್ರಿಲ್‌ನಲ್ಲಿ ರಾಜು ಅವರನ್ನೂ ಇತರರನ್ನೂ ಅಪರಾಧಿಗಳೆಂದು ತೀರ್ಪಿತ್ತಿತು. ಅವರು ಮೇಲ್ಮನವಿ ಹೋದರು. ಕಂಪನಿಯನ್ನು 2009ರಲ್ಲಿಯೇ ಟೆಕ್ ಮಹೀಂದ್ರಾದವರು ಕೊಂಡಿದ್ದರು.

ಇಲ್ಲಿ ನಾವು ಗಮನಿಸಬೇಕಾದ್ದು ಒಂದಿದೆ. ಸೊಗಸಾದ ಮಾತು ಮೊದಲು ಮೋಸಗೊಳಿಸುವುದು ಓದುವವರನ್ನು. ಕ್ರಮೇಣ ಅದು ಬರೆಯುವವರನ್ನೂ ಮೋಸಗೊಳಿಸುತ್ತದೆ. ಮೊದಲ ವರ್ಷ ‘ನಾನು ಹತ್ತು ಕೋಟಿ ಹೆಚ್ಚು ಬರೆದೆ’ ಎಂದು ತನ್ನ ಡೈರಿಯಲ್ಲಾದರೂ ಬರೆದುಕೊಳ್ಳುವ ಅಭ್ಯಾಸವಿದ್ದವನಿಗೆ ಎರಡನೆಯ ವರ್ಷ ಇಪ್ಪತ್ತು ಬರೆಯಲು ಕೈ ನಡುಗೀತು. ‘ಅಂತರವಿದೆ’ ಎಂದುಕೊಂಡವನಿಗೆ ಯಾಕೆ ನಡುಗಬೇಕು?

* * *

ಇನ್ನು ಚೆನ್ನಾಗಿ ಬರೆದವರ ವಿಷಯ. ಇದರಲ್ಲಿ ಎಲ್ಲರೂ ಹೇಳುವ ಹೆಸರು ಅಮೆರಿಕದ ವಾರೆನ್ ಬಫೆಟ್ಟರದು. 1965ರಿಂದ ಬರ್ಕ್‌ಷೈರ್ ಹ್ಯಾಥವೇ ಕಂಪನಿಯನ್ನು ನಡೆಸಿ, 2025ರ ಕೊನೆಯಲ್ಲಿ 95ನೆಯ ವಯಸ್ಸಿನಲ್ಲಿ ಮುಖ್ಯಾಧಿಕಾರಿಯ ಸ್ಥಾನದಿಂದ ಇಳಿದವರು. ದುಡ್ಡಿನ ವಿಷಯ ಇರಲಿ. ಅವರ ವಾರ್ಷಿಕ ಪತ್ರಗಳನ್ನು ಷೇರಿಲ್ಲದವರೂ ಹುಡುಕಿಕೊಂಡು ಓದುತ್ತಿದ್ದರು. ಅಮೆರಿಕದ ಸರಕಾರದ ಷೇರು ನಿಯಂತ್ರಣ ಸಂಸ್ಥೆಯು 1998ರಲ್ಲಿ ಸರಳ ಇಂಗ್ಲಿಷಿನಲ್ಲಿ ಬರೆಯುವುದು ಹೇಗೆಂದು ಒಂದು ಕೈಪಿಡಿ ತಂದಾಗ ಅದಕ್ಕೆ ಮುನ್ನುಡಿ ಬರೆಸಿದ್ದು ಇವರಿಂದಲೇ. ಅದರಲ್ಲಿ ಅವರು ತಮ್ಮ ಗುಟ್ಟನ್ನು ಹೇಳಿಬಿಟ್ಟಿದ್ದಾರೆ. ಬರೆಯಲು ಕುಳಿತಾಗ ತಮ್ಮ ಅಕ್ಕ ಡೋರಿಸ್ ಮತ್ತು ತಂಗಿ ಬರ್ಟಿ ಎದುರಿಗೆ ಕುಳಿತಿರುವಂತೆ ಭಾವಿಸಿಕೊಳ್ಳುತ್ತಾರಂತೆ. ಇಬ್ಬರೂ ಬುದ್ಧಿವಂತೆಯರು, ಆದರೆ ಲೆಕ್ಕಪತ್ರದ ಪರಿಭಾಷೆ ಬಲ್ಲವರಲ್ಲ. ಪತ್ರ ಮುಗಿದ ಮೇಲೆ ಆ ಹೆಸರುಗಳನ್ನು ತೆಗೆದು ‘ಷೇರುದಾರರೇ’ ಎಂದು ಸೇರಿಸಿದರಾಯಿತು.

ಅಕ್ಕನಿಗೆ ಬರೆದಂತೆ ಬರೆಯುವುದು! ಇದು ನಮಗೆ ತಿಳಿಯದ ಮಾತೇ? ಅಕ್ಕನ ಹಣ ತಂದು ಅಂಗಡಿ ಹಾಕಿ ಕಳೆದ ತಮ್ಮನು ‘ಮಾರುಕಟ್ಟೆಯ ಪ್ರತಿಕೂಲ ವಾತಾವರಣದ ಹಿನ್ನೆಲೆಯಲ್ಲಿ’ ಎಂದು ಬರೆದರೆ ಅವಳು ಮುಂದಿನ ರೈಲಿಗೇ ಬಂದಿಳಿದಾಳು.

ಬಫೆಟ್ಟರ ‘ನಾನು’ ಎಲ್ಲಿ ಬರುತ್ತದೆ ಎಂಬುದು ಮುಖ್ಯ. 1993ರಲ್ಲಿ ಅವರು ಡೆಕ್ಸ್‌ಟರ್ ಎಂಬ ಪಾದರಕ್ಷೆಯ ಕಂಪನಿಯನ್ನು 43.3 ಕೋಟಿ ಡಾಲರಿಗೆ ಕೊಂಡರು. ಹಣ ಕೊಡದೆ ತಮ್ಮ ಕಂಪನಿಯ ಷೇರುಗಳನ್ನೇ ಕೊಟ್ಟರು. ಕೆಲವು ವರ್ಷಗಳಲ್ಲಿ ಆ ವ್ಯಾಪಾರ ಸೊನ್ನೆಯಾಯಿತು. ವಿದೇಶದ ಅಗ್ಗದ ಮಾಲು ಬಂದು ಮುಳುಗಿತು ಎಂದು ಬರೆದು ಮುಗಿಸಬಹುದಾಗಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ. ಆದರೆ 2007ರ ಸಾಲಿನ ಪತ್ರದಲ್ಲಿ ಅವರು ಬರೆದದ್ದು ಬೇರೆ: ತಾನು ಮಾಡಿದ ವ್ಯಾಪಾರಗಳಲ್ಲೆಲ್ಲ ಇದು ಅತ್ಯಂತ ಕೆಟ್ಟದ್ದು, ಷೇರುಗಳನ್ನು ಕೊಟ್ಟು ಕೊಂಡದ್ದರಿಂದ ಷೇರುದಾರರಿಗೆ ಆದ ನಷ್ಟ 350 ಕೋಟಿ ಡಾಲರು ಎಂದು. ಕೊಂಡಾಗಿನ ಬೆಲೆಯನ್ನಷ್ಟೇ ಹೇಳಿ ಸುಮ್ಮನಾಗಬಹುದಾದ ಕಡೆ ಎಂಟು ಪಟ್ಟು ದೊಡ್ಡ ಅಂಕಿಯನ್ನು ತಾವೇ ಲೆಕ್ಕ ಹಾಕಿ ಕೊಟ್ಟರು. 2025ರ ಫೆಬ್ರವರಿಯಲ್ಲಿ ಬಂದ ಪತ್ರದಲ್ಲಿ ಇನ್ನೂ ಒಂದು ಲೆಕ್ಕ ಕೊಟ್ಟಿದ್ದಾರೆ: 2019ರಿಂದ 2023ರ ವರೆಗಿನ ಪತ್ರಗಳಲ್ಲಿ ‘ತಪ್ಪು’ ಎಂಬರ್ಥದ ಪದಗಳನ್ನು ತಾನು 16 ಸಲ ಬಳಸಿದ್ದೇನೆ, ಅನೇಕ ದೊಡ್ಡ ಕಂಪನಿಗಳು ಅಷ್ಟು ಕಾಲದಲ್ಲಿ ಒಂದು ಸಲವೂ ಬಳಸಿಲ್ಲ ಎಂದು.

ಅಮೆಜಾನಿನ ಜೆಫ್ ಬೆಜೋಸ್ 2000ದ ಸಾಲಿನ ಪತ್ರವನ್ನು ಆರಂಭಿಸಿದ್ದು ‘ಔಚ್’ ಎಂಬ ಒಂದೇ ಪದದಿಂದ. ಎಡವಿದ ಬೆರಳು ಹಿಡಿದುಕೊಂಡು ನಾವು ‘ಅಯ್ಯಪ್ಪಾ’ ಎನ್ನುತ್ತೇವಲ್ಲ, ಅದೇ. ಹಿಂದಿನ ಪತ್ರ ಬರೆದಂದಿನಿಂದ ಷೇರಿನ ಬೆಲೆ ನೂರಕ್ಕೆ 80ಕ್ಕಿಂತ ಹೆಚ್ಚು ಬಿದ್ದಿದೆ ಎಂಬುದನ್ನು ಹದಿನೆಂಟನೆಯ ಪುಟಕ್ಕೆ ತಳ್ಳದೆ ಮೊದಲ ಸಾಲುಗಳಲ್ಲಿಯೇ ಹೇಳಿದರು. ತಾ. ಕ. ತಲೆಯ ಮೇಲೆಯೇ ಬಂತು ಎನ್ನೋಣ.

ನೇರ ಮಾತಿಗೆ ಬೆಲೆ ತೆರಬೇಕಾಗುತ್ತದೆ ಎಂಬುದನ್ನೂ ಮರೆಯಬಾರದು. ಪುಣೆಯಲ್ಲಿ 1981ರಲ್ಲಿ ಹುಟ್ಟಿ, 1983ರಲ್ಲಿ ಬೆಂಗಳೂರಿಗೆ ಬಂದ ಇನ್ಫೋಸಿಸ್ ಕಂಪನಿಯ ನಾರಾಯಣ ಮೂರ್ತಿಯವರು, ಸಂಶಯ ಬಂದರೆ ಮುಚ್ಚಿಡಬೇಡ, ಬಯಲು ಮಾಡು ಎಂಬ ಅರ್ಥದ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದವರು. 2003ರ ಏಪ್ರಿಲ್‌ನಲ್ಲಿ ಆ ಕಂಪನಿಯು ಮುಂದಿನ ವರ್ಷದ ಗಳಿಕೆ ಪೇಟೆಯವರು ಎಣಿಸಿದಷ್ಟು ಇರಲಾರದೆಂಬ ಮುನ್ಸೂಚನೆ ಕೊಟ್ಟಿತು. ಒಂದೇ ದಿನದಲ್ಲಿ ಷೇರಿನ ಬೆಲೆ ಕಾಲು ಭಾಗಕ್ಕಿಂತಲೂ ಹೆಚ್ಚು ಇಳಿಯಿತು. ಬಹಳ ಮಂದಿ ಅಧ್ಯಕ್ಷರು ಮಂಜು ಎಬ್ಬಿಸುವುದು ಈ ಭಯದಿಂದಲೇ. ಆದರೆ ಅಂದು ಇಳಿದದ್ದು ಬೆಲೆ. ಸತ್ಯಂನಲ್ಲಿ ಬುಡವೇ ಹೋಯಿತು. ಇವೆರಡರ ಅಂತರ ನಮ್ಮ ಉಳಿತಾಯದ ಅಂತರ.

* * *

ಹಾಗಾದರೆ ನಾವು ಮಾಡಬೇಕಾದ್ದೇನು? ಲೆಕ್ಕಶಾಸ್ತ್ರ ಓದದವರೂ ಒಂದು ಭಾನುವಾರದ ಮಧ್ಯಾಹ್ನ ಮಾಡಬಹುದಾದ ಕೆಲಸಗಳಿವು.

ಒಂದು: ವರದಿಯನ್ನು ಹಿಂದಿನಿಂದ ಓದಲು ಆರಂಭಿಸಿ. ಅಧ್ಯಕ್ಷರ ಪತ್ರವನ್ನು ಕಾಯಿದೆ ಕೇಳುವುದಿಲ್ಲ. ಅದು ಅವರ ಸಂತೋಷಕ್ಕೆ ಬರೆದದ್ದು. ಕಾಯಿದೆ ಕೇಳುವುದು ಆಡಳಿತ ಮಂಡಲಿಯ ವರದಿಯನ್ನು. 2013ರ ಕಂಪನಿ ಕಾಯಿದೆಯ 134ನೆಯ ಪ್ರಕರಣದ ಪ್ರಕಾರ, ಲೆಕ್ಕ ತಪಾಸಣೆ ಮಾಡಿದ ಆಡಿಟರು ಏನಾದರೂ ಆಕ್ಷೇಪ ಎತ್ತಿದ್ದರೆ ಮಂಡಲಿಯವರು ಅದಕ್ಕೆ ಸಮಾಧಾನ ಹೇಳಲೇಬೇಕು. ಮೊದಲು ಆಡಿಟರ ವರದಿ, ಆಮೇಲೆ ಆ ಸಮಾಧಾನ, ಕಟ್ಟಕಡೆಗೆ ಅಧ್ಯಕ್ಷರ ಪತ್ರ. ಹಿರಿಯರು ಕಾಗದ ಓದಿದ ಕ್ರಮವೇ ಸರಿ.

ಎರಡು: ನಗದಿನ ಹರಿವಿನ ಪಟ್ಟಿ ನೋಡಿ. ಲಾಭ ಎಂಬುದು ಪುಸ್ತಕದ ಮಾತು. ನಗದು ಎಂಬುದು ಪೆಟ್ಟಿಗೆಯ ಮಾತು. ಲಾಭ ವರ್ಷವರ್ಷವೂ ಏರುತ್ತ, ವ್ಯಾಪಾರದಿಂದ ಬಂದ ನಗದು ಮಾತ್ರ ಏರದಿದ್ದರೆ ಪತ್ರದಲ್ಲಿ ಅದಕ್ಕೆ ವಿವರಣೆಯಿದೆಯೇ ಎಂದು ಹುಡುಕಿ. ಸತ್ಯಂನವರು ಬ್ಯಾಂಕಿನ ಹಣವನ್ನೇ ಸುಳ್ಳಾಗಿ ತೋರಿಸಿದ್ದರಿಂದ ಈ ಪರೀಕ್ಷೆಯೂ ಎಲ್ಲ ಕಾಲಕ್ಕೂ ಸಾಲದು ಎಂಬುದು ನಿಜ. ಆದ್ದರಿಂದಲೇ ಎಲ್ಲ ಉಳಿತಾಯವನ್ನೂ ಒಂದೇ ಮಡಕೆಯಲ್ಲಿ ಇಡಬಾರದು.

ಮೂರು: ಹೋದ ವರ್ಷದ ಪತ್ರವನ್ನು ಈ ವರ್ಷದ್ದರ ಪಕ್ಕಕ್ಕಿಟ್ಟು ಓದಿ. ಹೋದ ವರ್ಷ ಹೊಸ ಕಾರ್ಖಾನೆಯ ವಿಷಯ ಒಂದು ಪುಟ ತುಂಬ ಬರೆದಿದ್ದರು. ಈ ವರ್ಷ ಅದರ ಸುದ್ದಿಯೇ ಇಲ್ಲವೆಂದರೆ ಅರ್ಥವೇನು? ಬೀಗರ ಮನೆಯ ಕಾಗದದಲ್ಲಿ ಅಳಿಯನ ಹೆಸರು ಬರುವುದು ನಿಂತುಹೋದರೆ ನಮಗೆ ಗಾಬರಿಯಾಗುವುದಿಲ್ಲವೆ?

ನಾಲ್ಕು: ಪೆನ್ಸಿಲು ತೆಗೆದುಕೊಂಡು ಕರ್ತೃಪದಗಳಿಗೆ ಗೆರೆ ಎಳೆಯಿರಿ. ಲಾಭದ ವಾಕ್ಯಗಳಲ್ಲಿ ‘ನಾವು’ ಎಷ್ಟು, ನಷ್ಟದ ವಾಕ್ಯಗಳಲ್ಲಿ ‘ನಾವು’ ಎಷ್ಟು ಎಂದು ಎಣಿಸಿ. ಎಂಟನೆಯ ತರಗತಿಯ ಮಗುವೂ ಇದನ್ನು ಮಾಡಬಲ್ಲದು. ವ್ಯಾಕರಣದ ಅಭ್ಯಾಸವೂ ಆಯಿತು.

ಐದು: ಸಂಶಯ ಬಂದರೆ ಕೇಳಿ. ಸಭೆಗೆ 21 ದಿನ ಮೊದಲು ಲೆಕ್ಕಪತ್ರ ಕೈಸೇರಬೇಕೆಂದು ಕಾಯಿದೆ ಹೇಳುವುದು ನಾವು ಓದಲೆಂದೇ. 2020ರಿಂದೀಚೆಗೆ ಅನೇಕ ಕಂಪನಿಗಳು ವಾರ್ಷಿಕ ಸಭೆಯನ್ನು ವಿಡಿಯೋ ಮೂಲಕ ನಡೆಸುತ್ತಿರುವುದರಿಂದ ದೆಹಲಿಯಲ್ಲಿದ್ದವರೂ ಬೆಂಗಳೂರಿನ ಕಂಪನಿಯ ಸಭೆಯಲ್ಲಿ ಕುಳಿತುಕೊಳ್ಳಬಹುದು. ಮಾತನಾಡಬೇಕಾದರೆ ಮುಂಚಿತವಾಗಿ ಹೆಸರು ಕೊಡಬೇಕು. ಅದರ ಕ್ರಮ ಸಭೆಯ ನೋಟೀಸಿನಲ್ಲಿಯೇ ಇರುತ್ತದೆ.

ಜೊತೆಗೆ, ಮನೆಯಲ್ಲಿ ಇಟ್ಟುಕೊಳ್ಳಬಹುದಾದ ಒಂದು ಪುಟ್ಟ ಅರ್ಥಕೋಶ:

‘ಸವಾಲುಗಳ ವರ್ಷ’ – ಲಾಭ ಇಳಿದ ವರ್ಷ.

‘ಹೆಡ್‌ವಿಂಡ್’ – ಎದುರುಗಾಳಿ. ಲಾಭ ಬಂದ ವರ್ಷ ಬೆನ್ನಿಗೆ ಗಾಳಿ ಬೀಸಿತೆಂದು ಬರೆದವರು ವಿರಳ.

‘ರೈಟ್‌ಸೈಸಿಂಗ್’ – ಜನರನ್ನು ಕೆಲಸದಿಂದ ತೆಗೆದದ್ದು.

‘ಎಕ್ಸೆಪ್ಷನಲ್ ಐಟಂ’ – ಅಪರೂಪಕ್ಕೆ ಬಂದ ಖರ್ಚು ಅಥವಾ ಆದಾಯ. ಖರ್ಚು ಮೂರು ವರ್ಷ ಸತತವಾಗಿ ಅಪರೂಪಕ್ಕೆ ಬಂದರೆ ಅದು ಹಾಲಿನವನ ಲೆಕ್ಕದಂತೆ ನಿತ್ಯದ್ದೆಂದು ತಿಳಿಯಿರಿ.

‘ಎಬಿಟ್ಡಾ’ – ಬಡ್ಡಿ, ತೆರಿಗೆ, ಸವಕಳಿಗಳನ್ನು ಕಳೆಯುವ ಮೊದಲಿನ ಲಾಭ. ಮನೆಸಾಲದ ಬಡ್ಡಿಯನ್ನು ಬಿಟ್ಟು ಲೆಕ್ಕ ಹಾಕಿದರೆ ತಿಂಗಳ ಕೊನೆಗೆ ನಮ್ಮೆಲ್ಲರ ಕೈಯಲ್ಲಿಯೂ ಹಣ ಉಳಿಯುತ್ತದೆ.

* * *

ಪರರ ಕಾಗದವನ್ನು ಇಷ್ಟು ಬಗೆದ ಮೇಲೆ ನಮ್ಮ ಅಂಗಳವನ್ನೂ ಒಮ್ಮೆ ನೋಡಬೇಕಾದ್ದು ನ್ಯಾಯ. ಹೊರನಾಡಿನ ಕನ್ನಡ ಸಂಘಗಳ ವಾರ್ಷಿಕ ವರದಿಗಳೂ ಸದಸ್ಯರಿಗೆ ಬರೆದ ಕಾಗದಗಳೇ. ‘ಅನಿವಾರ್ಯ ಕಾರಣಗಳಿಂದ ನಾಟಕೋತ್ಸವವು ಮುಂದೂಡಲ್ಪಟ್ಟಿತು.’ ‘ಮಕ್ಕಳ ಕನ್ನಡ ತರಗತಿಗಳಿಗೆ ನಿರೀಕ್ಷಿತ ಪ್ರೋತ್ಸಾಹ ದೊರೆಯದ ಕಾರಣ ತರಗತಿಗಳು ನಿಂತುಹೋದವು.’ ಇಂಥ ವಾಕ್ಯಗಳನ್ನು ನಾವೆಲ್ಲ ಓದಿದ್ದೇವೆ, ಕೈತಟ್ಟಿ ಅಂಗೀಕರಿಸಿಯೂ ಇದ್ದೇವೆ. ಪ್ರೋತ್ಸಾಹ ಎಲ್ಲಿಂದ ದೊರೆಯಬೇಕಾಗಿತ್ತು? ಆಕಾಶದಿಂದಲೆ? ಅದೇ ಸಾಲನ್ನು ಕರ್ತರಿ ಪ್ರಯೋಗದಲ್ಲಿ ಹೀಗೆ ಬರೆಯಬಹುದು: ‘ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ ಸದಸ್ಯರು ಮಕ್ಕಳನ್ನು ಕಳುಹಿಸಲಿಲ್ಲ, ಹೊತ್ತು ಬದಲಾಯಿಸಿ ನೋಡೋಣವೆಂದು ಸಮಿತಿ ಯೋಚಿಸಲಿಲ್ಲ, ತರಗತಿಯನ್ನು ನಾವು ನಿಲ್ಲಿಸಿದೆವು.’ ಓದುವಾಗ ಸ್ವಲ್ಪ ಚುಚ್ಚುತ್ತದೆ, ನಿಜ. ಆದರೆ ಮೊದಲನೆಯ ವಾಕ್ಯಕ್ಕೆ ನಿಟ್ಟುಸಿರು ಬಿಡುವುದನ್ನುಳಿದು ಮತ್ತೇನೂ ಮಾಡಲಾಗದು. ಎರಡನೆಯದನ್ನು ಓದಿದ ಕೂಡಲೆ ಯಾರಾದರೊಬ್ಬರು ಎದ್ದು ನಿಂತು, ‘ಹಾಗಾದರೆ ಸಂಜೆ ಐದಕ್ಕೆ ಇಟ್ಟರೆ ಹೇಗೆ?’ ಎಂದು ಕೇಳಬಹುದು.

ಕಂಪನಿಯ ಕಾಗದದಲ್ಲಿ ಕರ್ತೃವನ್ನು ಹುಡುಕಬೇಕೆನ್ನುವುದು ಯಾರನ್ನೋ ಶೂಲಕ್ಕೇರಿಸಲು ಅಲ್ಲ. ಮಾಡಿದವರು ಯಾರೆಂದು ವಾಕ್ಯದಲ್ಲಿದ್ದರೆ ಸರಿಪಡಿಸುವವರು ಯಾರೆಂಬುದೂ ಅದರಲ್ಲಿಯೇ ಇರುತ್ತದೆ. ನಮ್ಮ ಸಂಘದ ವಾರ್ಷಿಕ ವರದಿಯನ್ನು ಕೈಗೆತ್ತಿಕೊಂಡಾಗಲೂ ಪೆನ್ಸಿಲು ಹತ್ತಿರವಿರಲಿ. ಕಾರ್ಯದರ್ಶಿಗಳು ಬೇಸರಪಟ್ಟುಕೊಳ್ಳಲಾರರೆಂದು ನಂಬಿದ್ದೇನೆ.